ತಾರಸಿಗೆ ಮೋಟುಗೋಡೆ, ಕಂಪ್ಯೂಟರಿಗೆ ಬೀಗ

ಪವಿತ್ರ ಬೈಬಲಿನ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಹಕ್ಕಿಗೂಡು, ಬಿತ್ತನೆ, ಉಡುಪು ಮುಂತಾದ ದಿನಬಳಕೆಯ ಸಂಗತಿಗಳ ಕುರಿತು ಹಲವು ಸಣ್ಣ ಕಟ್ಟಳೆಗಳಿವೆ. ಅವುಗಳ ನಡುವೆ ಮನೆ ಕಟ್ಟುವವರಿಗೂ ಒಂದು ಮಾತಿದೆ. ಹೊಸ ಮನೆ ಕಟ್ಟಿದವನು ಅದರ ಮಾಳಿಗೆಯ ಸುತ್ತ ಗೋಡೆ ಎಬ್ಬಿಸಬೇಕು. ಇಲ್ಲವಾದರೆ ಯಾರಾದರೂ ಮೇಲಿನಿಂದ ಬಿದ್ದು ಸತ್ತಾಗ ಆ ರಕ್ತದ ಹೊಣೆ ಆ ಮನೆಗೇ ತಟ್ಟುತ್ತದೆ ಎಂಬುದು ಅದರ ತಾತ್ಪರ್ಯ. ಬಿದ್ದವನು ಎಚ್ಚರ ತಪ್ಪಿದ್ದಿರಬಹುದು. ಆದರೂ ಗೋಡೆ ಕಟ್ಟದವನು ಕೈ ತೊಳೆದುಕೊಳ್ಳುವಂತಿಲ್ಲ.

ಆ ನಾಡಿನ ಮನೆಗಳ ಮಾಳಿಗೆ ನಮ್ಮ ತಾರಸಿಯಂತೆಯೇ ಸಮತಟ್ಟಾಗಿರುತ್ತಿತ್ತು. ಬೈಬಲಿನಲ್ಲಿ ಮಾಳಿಗೆಯ ಮೇಲೆ ನಡೆದ ಘಟನೆಗಳನ್ನು ನೆನೆದುಕೊಳ್ಳಿ. ಜೆರಿಕೋವಿನ ರಹಾಬಳು ನಾರಿನ ದಂಟುಗಳನ್ನು ಹರವಿದ್ದು ಅಲ್ಲಿ. ಇಸ್ರಯೇಲಿನ ಗೂಢಚಾರರನ್ನು ಅವುಗಳಡಿ ಬಚ್ಚಿಟ್ಟು ಕಾಪಾಡಿದ್ದೂ ಅಲ್ಲಿಯೇ. ಯೊಪ್ಪ ಪಟ್ಟಣದಲ್ಲಿ ಸಂತ ಪೇತ್ರರು ನಡುಹಗಲಲ್ಲಿ ಪ್ರಾರ್ಥನೆಗೆಂದು ಏರಿದ್ದು ಮಾಳಿಗೆಗೆ. ಅನ್ಯಜನರಿಗೂ ಶುಭಸಂದೇಶ ಸಲ್ಲುತ್ತದೆಂಬ ದರ್ಶನ ಅವರಿಗಾದದ್ದು ಅಲ್ಲಿ. ಅರಸ ದಾವೀದನು ಒಂದು ಸಂಜೆ ನಿದ್ದೆಯಿಂದೆದ್ದು ತಿರುಗಾಡಿದ್ದೂ ಮಾಳಿಗೆಯ ಮೇಲೆಯೇ. ಸ್ನಾನ ಮಾಡುತ್ತಿದ್ದ ಬತ್ಷೆಬಳನ್ನು ಅವನು ಅಲ್ಲಿಂದ ಕಂಡ. ಆ ನೋಟ ವ್ಯಭಿಚಾರಕ್ಕೂ, ಆಕೆಯ ಗಂಡ ಊರೀಯನ ಕೊಲೆಗೂ ದಾರಿ ಮಾಡಿತು. ಮಾಳಿಗೆ ಒಂದೇ. ಒಬ್ಬರಿಗೆ ಅದು ದುಡಿಮೆಯ ಜಾಗ, ಒಬ್ಬರಿಗೆ ಪ್ರಾರ್ಥನೆಯ ಜಾಗ, ಇನ್ನೊಬ್ಬರಿಗೆ ಪತನದ ಜಾಗ.

ನಮ್ಮ ಮನೆಗಳಲ್ಲಿರುವ ಕಂಪ್ಯೂಟರ್ ಇಂಥದೇ ಒಂದು ಮಾಳಿಗೆ. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಂಸ್ಥೆಯು ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆಯನ್ನು ತೆರೆದಾಗ ಅದು ಕೆಲವೇ ನಗರಗಳ ಕೆಲವೇ ಮನೆಗಳ ಮಾತಾಗಿತ್ತು. 2020ರಲ್ಲಿ ಕೋವಿಡ್ ರೋಗದ ದೆಸೆಯಿಂದ ಶಾಲೆಗಳೂ ದೇವಾಲಯಗಳೂ ಬಾಗಿಲು ಮುಚ್ಚಿದಾಗ ಪಾಠ ಮಾತ್ರವಲ್ಲ, ಬಲಿಪೂಜೆ ಕೂಡ ಈ ಪರದೆಯ ಮೂಲಕವೇ ಮನೆಯೊಳಗೆ ಬಂತು. ಅಂದು ಮಗುವಿನ ಕೈಗೆ ಕೊಟ್ಟದ್ದನ್ನು ಹಿಂದಕ್ಕೆ ಪಡೆದ ಮನೆಗಳು ವಿರಳ. ಪಡೆಯುವುದು ಎಲ್ಲ ಕಡೆ ಸರಿಯೂ ಅಲ್ಲ. ಮಕ್ಕಳ ಓದು ಅದರಲ್ಲಿದೆ, ದೂರದೂರಿನ ಅಕ್ಕನ ಮುಖ ಅದರಲ್ಲಿದೆ.

ಆದರೆ ಬೇಡದ್ದೂ ಅದರಲ್ಲಿದೆ. "ಕೆಟ್ಟ ತಾಣಗಳನ್ನು ತಡೆಯುವುದು ಹೇಗೆ?" ಎಂಬುದು ತಂದೆತಾಯಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ. ಈ 'ಹೇಗೆ' ಎಂಬುದಕ್ಕೆ ಉತ್ತರ ಸುಲಭ. ಕಠಿಣವಾದ ಪ್ರಶ್ನೆ ಅದರ ಹಿಂದಿದೆ. ತಡೆಯುವ ಹಕ್ಕು ನಮಗೆ ಎಷ್ಟರ ಮಟ್ಟಿಗಿದೆ? ಬೀಗದ ಹಿಂದೆ ಬೆಳೆದ ಮಗು ಒಳ್ಳೆಯ ಮಗುವೋ, ಇಲ್ಲವೇ ಕೆಡಲು ಅವಕಾಶ ಸಿಗದ ಮಗುವೋ?

ಬೀಗಗಳ ಪರಿಚಯ

ಮೊದಲು ಸುಲಭದ ಉತ್ತರವನ್ನು ನೋಡೋಣ. ಕಂಪ್ಯೂಟರ್ ಒಂದು ತಾಣವನ್ನು ತೆರೆಯುವ ಮುನ್ನ ಆ ತಾಣದ ಹೆಸರಿಗೆ ಸಲ್ಲುವ ಅಂಕಿಗಳ ವಿಳಾಸವನ್ನು ಕೇಳಿ ತಿಳಿಯುತ್ತದೆ. ಈ ವಿಳಾಸ ಹೇಳುವ ವ್ಯವಸ್ಥೆಗೆ ಡಿ.ಎನ್.ಎಸ್. ಎಂದು ಹೆಸರು, ಹಳೆಯ ಟೆಲಿಫೋನ್ ಡೈರೆಕ್ಟರಿಯಂಥದು ಎನ್ನಬಹುದು. ಅಶ್ಲೀಲ ತಾಣಗಳ ವಿಳಾಸವನ್ನು ಹೇಳಲು ನಿರಾಕರಿಸುವ ಡೈರೆಕ್ಟರಿಗಳು ಉಚಿತವಾಗಿಯೇ ಸಿಗುತ್ತವೆ. ಕ್ಲೌಡ್‌ಫ್ಲೇರ್ ಎಂಬ ಸಂಸ್ಥೆ 2020ರಲ್ಲಿ ಕುಟುಂಬಗಳಿಗಾಗಿ ಆರಂಭಿಸಿದ ಸೇವೆಯ ಅಂಕಿಗಳು 1.1.1.3 ಮತ್ತು 1.0.0.3. ಮನೆಯ ವೈಫೈ ರೂಟರಿನಲ್ಲಿ ಇವನ್ನು ಒಮ್ಮೆ ತುಂಬಿಟ್ಟರೆ ಆ ವೈಫೈ ಬಳಸುವ ಸಾಧನಗಳಿಗೆಲ್ಲ ಸಾಮಾನ್ಯವಾಗಿ ಈ ತಡೆ ಅನ್ವಯಿಸುತ್ತದೆ. ರೂಟರಿನ ಪಾಸ್‌ವರ್ಡನ್ನು ಬದಲಿಸುವುದನ್ನು ಮಾತ್ರ ಮರೆಯಬಾರದು.

ಎರಡನೆಯದು, ಕಂಪ್ಯೂಟರಿನಲ್ಲಿ ಮಗುವಿಗೆ ಪ್ರತ್ಯೇಕ ಖಾತೆ ತೆರೆದು, ಯಜಮಾನಿಕೆಯ ಅಧಿಕಾರವನ್ನು ದೊಡ್ಡವರ ಖಾತೆಯಲ್ಲೇ ಉಳಿಸಿಕೊಳ್ಳುವುದು. ವಿಂಡೋಸ್ ಕಂಪ್ಯೂಟರುಗಳಿಗೆ ಮೈಕ್ರೋಸಾಫ್ಟಿನ ಫ್ಯಾಮಿಲಿ ಸೇಫ್ಟಿ, ಆಂಡ್ರಾಯ್ಡ್ ಫೋನುಗಳಿಗೆ ಗೂಗಲ್ಲಿನ ಫ್ಯಾಮಿಲಿ ಲಿಂಕ್, ಆಪಲ್ ಸಾಧನಗಳಿಗೆ ಸ್ಕ್ರೀನ್ ಟೈಮ್ ಎಂಬ ವ್ಯವಸ್ಥೆಗಳಿವೆ. ತೀರಾ ಚಿಕ್ಕ ಮಕ್ಕಳಿಗೆ, ತಂದೆತಾಯಿ ಒಪ್ಪಿದ ತಾಣಗಳಷ್ಟೇ ತೆರೆಯುವಂತೆ ಇವುಗಳಲ್ಲಿ ಏರ್ಪಡಿಸಬಹುದು. ಮೂರನೆಯದು, ಗೂಗಲ್ ಹುಡುಕಾಟದಲ್ಲಿ ಸೇಫ್‌ಸರ್ಚ್ ಎಂಬುದನ್ನು ಚಾಲೂ ಇಡುವುದು. ನಾಲ್ಕನೆಯದಕ್ಕೆ ಯಾವ ತಂತ್ರವೂ ಬೇಡ: ಕಂಪ್ಯೂಟರನ್ನು ಮಲಗುವ ಕೋಣೆಯಲ್ಲಿಡದೆ, ಎಲ್ಲರೂ ಓಡಾಡುವ ಹಜಾರದಲ್ಲಿಡುವುದು.

ಈ ಬೀಗಗಳು ಪರಿಪೂರ್ಣವೇ? ಖಂಡಿತ ಅಲ್ಲ. ರೂಟರಿಗೆ ಹಾಕಿದ ತಡೆ ಮೊಬೈಲ್ ಡೇಟಾಕ್ಕೆ ತಾಗುವುದಿಲ್ಲ. ವಿ.ಪಿ.ಎನ್. ಎಂಬ ಸುರಂಗ ತೋಡುವುದು ಹದಿನಾಲ್ಕರ ಹುಡುಗನಿಗೆ ಐದು ನಿಮಿಷದ ಕೆಲಸ. ಕೆಲವು ಬ್ರೌಸರುಗಳು ತಮ್ಮದೇ ಡೈರೆಕ್ಟರಿಯನ್ನು ಗುಟ್ಟಾಗಿ ಕೇಳಬಲ್ಲವು. ಸಾಮಾಜಿಕ ಜಾಲತಾಣಗಳ ಒಳಗೆ ಹರಿದು ಬರುವ ಚಿತ್ರಗಳನ್ನು ವಿಳಾಸದ ತಡೆ ಸೋಸಲಾರದು. ಸರ್ಕಾರದ ಬಲವಾದ ಕೈಗೂ ಇದು ಪೂರ್ತಿ ಸಾಧ್ಯವಾಗಿಲ್ಲ. 2015ರಲ್ಲಿ ಕೇಂದ್ರ ಸರ್ಕಾರ 857 ತಾಣಗಳನ್ನು ತಡೆಯಲು ಆದೇಶಿಸಿ, ಕೆಲವೇ ದಿನಗಳಲ್ಲಿ ಅದನ್ನು ಸಡಿಲಿಸಿತು. 2018ರಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ 827 ತಾಣಗಳನ್ನು ತಡೆಯಲು ಸೂಚನೆ ಹೊರಟಿತು. ಕೆಲವು ತಾಣಗಳು ಬೇರೆ ವಿಳಾಸದಲ್ಲಿ ಮತ್ತೆ ಬಾಗಿಲು ತೆರೆದವು.

ಹಾಗಾದರೆ ಬೀಗವೇ ಬೇಡವೇ? ಮೋಟುಗೋಡೆಯನ್ನು ಹತ್ತಿ ದಾಟಬಹುದೆಂಬ ಕಾರಣಕ್ಕೆ ಯಾರೂ ತಾರಸಿಯನ್ನು ಬಯಲಾಗಿ ಬಿಡುವುದಿಲ್ಲ. ಆ ಗೋಡೆ ಬೇಕೆಂದೇ ಹಾರುವವನಿಗಾಗಿ ಕಟ್ಟಿದ್ದಲ್ಲ, ಗೊತ್ತಿಲ್ಲದೆ ಅಂಚಿಗೆ ಬಂದವನಿಗಾಗಿ ಕಟ್ಟಿದ್ದು. ಶಾಲೆಯ ಪಾಠಕ್ಕೆಂದು ಒಂದು ಪದವನ್ನು ಹುಡುಕಿದ ಎಂಟು ವರ್ಷದ ಮಗು ಹುಡುಕದೇ ಇದ್ದುದನ್ನು ನೋಡಿಬಿಡುತ್ತದೆ. ಅಲ್ಲಿ ಪಾಪ ಮಗುವಿನದಲ್ಲ. ಗೋಡೆ ಕಟ್ಟಬೇಕಾಗಿದ್ದ ನಮ್ಮ ಹೊಣೆಯನ್ನು ಧರ್ಮೋಪದೇಶಕಾಂಡ ನೆನಪಿಸುತ್ತದೆ. ವ್ಯಾಟಿಕನ್ನಿನ ಸಾಮಾಜಿಕ ಸಂಪರ್ಕ ಪರಿಷತ್ತು 2002ರಲ್ಲಿ ಹೊರಡಿಸಿದ 'ಧರ್ಮಸಭೆ ಮತ್ತು ಇಂಟರ್ನೆಟ್' ಎಂಬ ದಾಖಲೆಯು, ಹಣ ಮತ್ತು ತಾಂತ್ರಿಕ ಅನುಕೂಲ ಇರುವಲ್ಲಿ ಮಕ್ಕಳು ಬಳಸುವ ಕಂಪ್ಯೂಟರುಗಳಿಗೆ ಶೋಧಕಗಳನ್ನು ಅಳವಡಿಸಬೇಕೆಂದು ತಂದೆತಾಯಿಗಳಿಗೆ ಸ್ಪಷ್ಟವಾಗಿಯೇ ಹೇಳಿದೆ. ಅದರ ಜೊತೆಯಲ್ಲೇ, ಅಲ್ಲಿ ಕಂಡದ್ದನ್ನು ಕುರಿತು ತಂದೆತಾಯಿ ಮತ್ತು ಮಕ್ಕಳು ಕೂಡಿ ಮಾತನಾಡಬೇಕೆಂದೂ ಹೇಳಿದೆ. ನಾವು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟುಬಿಡುತ್ತೇವೆ.

ಬೀಗ ಹಾಕಿದರೆ ಸದ್ಗುಣವಾಯಿತೇ?

ಸಂತ ಅಗಸ್ಟೀನರು ತಮ್ಮ ಆತ್ಮಕಥನದ ಆರನೆಯ ಭಾಗದಲ್ಲಿ ಗೆಳೆಯ ಅಲಿಪಿಯುಸನ ಕಥೆ ಹೇಳುತ್ತಾರೆ. ನ್ಯಾಯಶಾಸ್ತ್ರ ಕಲಿಯಲು ರೋಮಿಗೆ ಹೋಗಿದ್ದ ಆ ತರುಣನಿಗೆ ಕತ್ತಿಮಲ್ಲರ ಕಾಳಗವೆಂದರೆ ಅಸಹ್ಯ. ಸಹಪಾಠಿಗಳು ಅವನನ್ನು ಬಲವಂತವಾಗಿ ಕ್ರೀಡಾಂಗಣಕ್ಕೆ ಎಳೆದೊಯ್ದರು. ಮೈಯನ್ನು ಎಳೆಯಬಹುದು, ಮನಸ್ಸನ್ನು ಎಳೆಯಲಾರಿರಿ ಎಂದುಕೊಂಡು ಅವನು ಕಣ್ಣು ಮುಚ್ಚಿ ಕುಳಿತ. ಒಬ್ಬ ಮಲ್ಲ ಬಿದ್ದಾಗ ಜನಸ್ತೋಮ ಬೊಬ್ಬಿರಿಯಿತು. ಕುತೂಹಲ ತಡೆಯಲಾರದೆ ಕಣ್ಣು ತೆರೆದ; ರಕ್ತವನ್ನು ಕಂಡ; ಮತ್ತೆ ಮುಚ್ಚಲಾಗಲಿಲ್ಲ. ಆಮೇಲೆ ಅವನೇ ಬೇರೆಯವರನ್ನು ಕರೆದುಕೊಂಡು ಬರುವಂತಾದ.

ಕಣ್ಣಿಗೆ ಬೀಗ ಬಿದ್ದಿತ್ತು, ಕಿವಿ ತೆರೆದಿತ್ತು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ ಎಂಬುದು ಈ ಕಥೆಯ ಮೊದಲ ಪಾಠ. ಎರಡನೆಯ ಪಾಠವೇ ಮುಖ್ಯವಾದುದು. ಅಲಿಪಿಯುಸನು ದೇವರನ್ನು ಆಶ್ರಯಿಸದೆ ತನ್ನ ಬಲವನ್ನೇ ನೆಚ್ಚಿದ್ದರಿಂದ ಸೋತ ಎಂದು ಅಗಸ್ಟೀನರು ಭಾವಿಸುತ್ತಾರೆ. ಅದೇ ಅಲಿಪಿಯುಸ್ ಮುಂದೆ ಮನಸ್ಸು ತಿರುಗಿ, ದೀಕ್ಷಾಸ್ನಾನ ಪಡೆದು, ತಗಾಸ್ತೆಯ ಧರ್ಮಾಧ್ಯಕ್ಷರಾದರು ಎಂಬುದನ್ನೂ ಮರೆಯಬಾರದು. ಒಮ್ಮೆ ಬಿದ್ದವನ ಕಥೆ ಅಲ್ಲಿಗೇ ಮುಗಿಯುವುದಿಲ್ಲ.

ಹಾಗೆಂದು ಹೊರಗಿನ ತಡೆಗೆ ನೈತಿಕ ಬೆಲೆಯೇ ಇಲ್ಲವೆನ್ನಲಾಗದು. ಸಂತ ತೋಮಸ್ ಅಕ್ವಿನಾಸರು ಕಾನೂನಿನ ಕುರಿತು ವಿಚಾರ ಮಾಡುವಾಗ ಇದೇ ಪ್ರಶ್ನೆಯನ್ನು ಎತ್ತುತ್ತಾರೆ. ಒಳ್ಳೆಯ ಮಾತಿಗೆ ಬಗ್ಗುವ ಸ್ವಭಾವದ ಮಕ್ಕಳಿಗೆ ತಂದೆಯ ಬುದ್ಧಿಮಾತೇ ಸಾಕು. ಎಲ್ಲರೂ ಹಾಗಿರುವುದಿಲ್ಲವಾದ್ದರಿಂದ ಕೆಲವರನ್ನು ಅಂಕೆಯಲ್ಲಿಡಬೇಕಾಗುತ್ತದೆ. ಹೀಗೆ ಅಂಕೆಯಿಂದ ಕೆಡುಕು ಬಿಟ್ಟವರು ರೂಢಿಯ ಬಲದಿಂದ, ಮೊದಲು ಭಯದಿಂದ ಮಾಡಿದ್ದನ್ನು ಆಮೇಲೆ ಮನಸಾರೆ ಮಾಡುವಂತಾಗಬಹುದು ಎನ್ನುತ್ತಾರೆ ಅವರು. ಬೀಗ ಸದ್ಗುಣವಲ್ಲ, ಸದ್ಗುಣ ಬೇರು ಬಿಡುವವರೆಗೆ ಸಮಯ ದೊರಕಿಸಿಕೊಡುವ ಸಾಧನ. ತೆಂಗಿನ ಸಸಿಗೆ ಬೇಲಿ ಹಾಕುತ್ತೇವೆ, ದನ ಮೇಯಬಾರದೆಂದು. ಬೇಲಿಯಿಂದ ಸಸಿ ಬೆಳೆಯುವುದಿಲ್ಲ. ನೀರಿನಿಂದ, ಬಿಸಿಲಿನಿಂದ ಬೆಳೆಯುತ್ತದೆ. ಮರವಾದ ಮೇಲೂ ಬೇಲಿ ಕಟ್ಟಿಯೇ ಇಟ್ಟವನು ಜಾಣ ರೈತನಲ್ಲ.

ನಮ್ಮ ಧರ್ಮೋಪದೇಶ ತರಗತಿಗಳಲ್ಲಿ ಪಾಪ ಮಾತ್ರವಲ್ಲ, ಪಾಪದ ಸಂದರ್ಭಗಳಿಂದಲೂ ದೂರವಿರಬೇಕೆಂದು ಕಲಿಸುತ್ತಾರೆ. ಪಾಪನಿವೇದನೆಯಲ್ಲಿ ಅದಕ್ಕಾಗಿ ನಾವು ಸಂಕಲ್ಪ ಮಾಡುತ್ತೇವೆ. ತನಗೆ ದುರ್ಬಲತೆ ಇದೆಯೆಂದು ತಿಳಿದವನು ತಾನಾಗಿಯೇ ತನ್ನ ಕಂಪ್ಯೂಟರಿಗೆ ತಡೆ ಹಾಕಿಸಿಕೊಂಡರೆ ಅದು ಹೇಡಿತನವಲ್ಲ, ವಿವೇಕ. ಬೇರೆಯವರು ಹಾಕಿದ ಬೀಗಕ್ಕೂ ತಾನೇ ಕೇಳಿ ಹಾಕಿಸಿಕೊಂಡ ಬೀಗಕ್ಕೂ ಇರುವ ಅಂತರ ಬಹಳ ದೊಡ್ಡದು. ಮೊದಲನೆಯದರಿಂದ ಎರಡನೆಯದಕ್ಕೆ ಮಗುವನ್ನು ಕರೆತರುವುದೇ ನಿಜವಾದ ಪೋಷಣೆ.

ಕಾವಲೋ, ಬೇಹುಗಾರಿಕೆಯೋ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತಾಣಗಳನ್ನು ತಡೆಯುವ ತಂತ್ರಾಂಶಗಳ ಜೊತೆಗೆ, ಮಗು ಬರೆದ ಪ್ರತಿಯೊಂದು ಅಕ್ಷರವನ್ನೂ ನೋಡಿದ ಪ್ರತಿಯೊಂದು ಪುಟವನ್ನೂ ಗುಟ್ಟಾಗಿ ತಂದೆಗೆ ವರದಿ ಮಾಡುವ ತಂತ್ರಾಂಶಗಳೂ ಬಂದಿವೆ. ಇವೆರಡೂ ಒಂದೇ ಅಲ್ಲ. ಗೋಡೆ ಎಲ್ಲರಿಗೂ ಕಾಣುತ್ತದೆ. ಗೋಡೆಯಲ್ಲಿ ಕೊರೆದ ಗೂಢ ಕಿಂಡಿ ಕಾಣುವುದಿಲ್ಲ.

ಟ್ಯೂರಿನ್ನಿನ ಬಡ ಹುಡುಗರ ನಡುವೆ ದುಡಿದ ಸಂತ ಜಾನ್ ಬೋಸ್ಕೋ 1877ರಲ್ಲಿ ತಮ್ಮ ಶಿಕ್ಷಣ ಪದ್ಧತಿಯ ಕುರಿತು ಚಿಕ್ಕ ಬರಹವೊಂದನ್ನು ಬರೆದರು. ಎರಡು ವಿಧಾನಗಳನ್ನು ಅವರು ಹೋಲಿಸುತ್ತಾರೆ. ಒಂದು, ನಿಯಮ ಹೇಳಿ, ತಪ್ಪಿದವರನ್ನು ಹಿಡಿಯಲು ಕಾದು ಕೂತು, ಸಿಕ್ಕಾಗ ಶಿಕ್ಷಿಸುವುದು. ಇನ್ನೊಂದು, ನಿಯಮ ಹೇಳಿ, ತಂದೆಯ ಹಾಗೆ ಜೊತೆಯಲ್ಲೇ ಇದ್ದು, ತಪ್ಪು ನಡೆಯದಂತೆ ಮುಂಚಿತವಾಗಿ ಕಾಯುವುದು. ಅವರು ಆರಿಸಿಕೊಂಡದ್ದು ಎರಡನೆಯದನ್ನು. ವಿವೇಕ, ಧರ್ಮ, ವಾತ್ಸಲ್ಯ ಅದರ ಮೂರು ಆಧಾರಗಳು. ಗುಟ್ಟಿನ ತಂತ್ರಾಂಶ ಮೊದಲನೆಯ ವಿಧಾನದ ಹೊಸ ರೂಪ. ಅದರಲ್ಲಿ ತಂದೆ ಎಲ್ಲವನ್ನೂ ಬಲ್ಲ, ಆದರೆ ಜೊತೆಯಲ್ಲಿರುವುದಿಲ್ಲ. ಮಗುವಿಗೆ ಗೊತ್ತಾದ ದಿನ ಮನೆಯ ನಂಬಿಕೆ ಒಡೆಯುತ್ತದೆ. ಆಮೇಲೆ ಅದು ಕಲಿಯುವುದು ಶುದ್ಧತೆಯನ್ನಲ್ಲ, ಜಾಣ್ಮೆಯಿಂದ ಮರೆಮಾಚುವುದನ್ನು.

ಜಗದ್ಗುರು ಫ್ರಾನ್ಸಿಸರೂ ಕುಟುಂಬವನ್ನು ಕುರಿತ ತಮ್ಮ 2016ರ 'ಅಮೋರಿಸ್ ಲೇತಿತ್ಸಿಯಾ' ಪತ್ರದಲ್ಲಿ ಇದೇ ಮಾತಿಗೆ ಬರುತ್ತಾರೆ. ಮಕ್ಕಳ ಪ್ರತಿಯೊಂದು ಹೆಜ್ಜೆಯನ್ನೂ ಹಿಡಿತದಲ್ಲಿಡುವ ಗೀಳು ಶಿಕ್ಷಣವಲ್ಲ. ಮಗು ಈ ಹೊತ್ತು ಯಾವ ಜಾಗದಲ್ಲಿದೆ ಎಂಬುದಕ್ಕಿಂತ ಅದರ ಮನಸ್ಸು, ಅದರ ಆಸೆ, ಅದರ ಬದುಕಿನ ಗುರಿ ಎಲ್ಲಿದೆ ಎಂದು ತಿಳಿಯುವುದು ದೊಡ್ಡದು ಎಂಬುದು ಅವರ ಆಶಯ. ಹಾಗಾದರೆ ಮಾಡಬೇಕಾದ್ದೇನು? ತಡೆ ಹಾಕುವ ದಿನ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದರ ವಯಸ್ಸಿಗೆ ತಕ್ಕ ಮಾತಿನಲ್ಲಿ, ಏನನ್ನು ತಡೆಯುತ್ತಿದ್ದೇವೆ ಮತ್ತು ಯಾಕೆ ಎಂದು ಹೇಳಬೇಕು. ದೇವರು ತನ್ನ ರೂಪದಲ್ಲಿ ಸೃಷ್ಟಿಸಿದ ಶರೀರವನ್ನು ಸಂತೆಯ ಸರಕಾಗಿಸುವುದು ಆ ಚಿತ್ರದಲ್ಲಿರುವ ವ್ಯಕ್ತಿಗೂ ಅನ್ಯಾಯ, ನೋಡುವವನಿಗೂ ಅನ್ಯಾಯ ಎಂದು ವಿವರಿಸಬೇಕು. ಶರೀರ ಅಸಹ್ಯವೆಂದು ಹೇಳಬಾರದು. ಅದು ಪವಿತ್ರವಾದ್ದರಿಂದಲೇ ಮಾರಾಟಕ್ಕಿಡಬಾರದು ಎನ್ನಬೇಕು. ವಿಜ್ಞಾನದ ಪಾಠವನ್ನೋ ಆರೋಗ್ಯದ ಮಾಹಿತಿಯನ್ನೋ ಶೋಧಕ ತಪ್ಪಾಗಿ ತಡೆದರೆ, "ನನ್ನನ್ನು ಕೇಳು, ತೆರೆದುಕೊಡುತ್ತೇನೆ" ಎಂಬ ಭರವಸೆಯನ್ನೂ ಕೊಡಬೇಕು.

ಇನ್ನೊಂದು ಮಾತು ದೊಡ್ಡವರಿಗೆ ಕಹಿಯೆನಿಸಬಹುದು. ಮಾಳಿಗೆಯ ಗೋಡೆ ಮಕ್ಕಳ ಬದಿಗೆ ಮಾತ್ರ ಕಟ್ಟುವಂಥದಲ್ಲ. ಮಗನ ಫೋನಿಗೆ ಬೀಗ ಹಾಕಿ, ತನ್ನ ಫೋನನ್ನು ನಡುರಾತ್ರಿಯವರೆಗೆ ಬಯಲಾಗಿ ಇಟ್ಟುಕೊಂಡ ತಂದೆಯ ಮಾತಿಗೆ ತೂಕವಿರುವುದಿಲ್ಲ. ಮಾಳಿಗೆಯಿಂದ ಇಣುಕಿದ ದಾವೀದನು ಹುಡುಗನಾಗಿರಲಿಲ್ಲ. ಹೆಂಡತಿ ಮಕ್ಕಳಿದ್ದ ಅರಸನಾಗಿದ್ದ. ರೂಟರಿನ ತಡೆ ಮನೆಯ ಎಲ್ಲರಿಗೂ ಒಂದೇ ಆಗಿರಲಿ. ರಾತ್ರಿ ಊಟ, ಜಪಸರದ ಹೊತ್ತಿಗೆ ಎಲ್ಲ ಫೋನುಗಳೂ, ಮೊದಲು ತಂದೆಯದು, ಒಂದೇ ಮೇಜಿನ ಮೇಲೆ ಕೂರಲಿ.

ದಾವೀದನ ಬಳಿಗೆ ಬಂದವನು

ಗೋಡೆ ಕಾಲು ಜಾರುವುದನ್ನು ತಡೆಯುತ್ತದೆ, ಕಣ್ಣನ್ನು ತಡೆಯಲಾರದು. ದಾವೀದನ ಅರಮನೆಯ ಮಾಳಿಗೆಗೆ ಗೋಡೆ ಇದ್ದಿದ್ದರೂ ಅವನ ನೋಟ ಅದರ ಮೇಲಿನಿಂದಲೇ ಹಾದುಹೋಗುತ್ತಿತ್ತು. ಅವನನ್ನು ಕೊನೆಗೆ ಉಳಿಸಿದ್ದು ಒಬ್ಬ ಮನುಷ್ಯ: ಪ್ರವಾದಿ ನಾತಾನ. ಅವನು ಅರಸನ ಬಳಿಗೆ ನೇರವಾಗಿ ಬಂದ, ಬಡವನ ಕುರಿಮರಿಯ ಕಥೆ ಹೇಳಿದ, ದಾವೀದನ ಮನಸ್ಸಾಕ್ಷಿಯೇ ತೀರ್ಪು ಕೊಡುವಂತೆ ಮಾಡಿದ. ಬಚ್ಚಿಟ್ಟ ಪಾಪ ಅಲ್ಲಿಯವರೆಗೆ ಬೆಳೆಯುತ್ತಲೇ ಇತ್ತು, ಒಂದನ್ನು ಮುಚ್ಚಲು ಇನ್ನೊಂದು. ಹೊರಗೆ ಬಂದ ದಿನ ಅದರ ಬಲ ಮುರಿಯಿತು.

ನಮ್ಮ ಮಕ್ಕಳ ವಿಷಯದಲ್ಲಿ ಇದು ಜೀವನ್ಮರಣದ ಮಾತು. ಹದಿಹರೆಯದ ಹುಡುಗ ಹುಡುಗಿಯರೊಡನೆ ಸ್ನೇಹ ನಟಿಸಿ, ಅವರಿಂದ ಚಿತ್ರ ಪಡೆದು, ಆಮೇಲೆ ಮನೆಯವರಿಗೆ ತೋರಿಸುತ್ತೇವೆಂದು ಬೆದರಿಸಿ ಹಣ ಕೀಳುವ ದುಷ್ಟರಿದ್ದಾರೆ. ಅವರ ಆಯುಧ ಆ ಚಿತ್ರವಲ್ಲ. ತಂದೆತಾಯಿಗೆ ತಿಳಿದರೆ ಏನಾಗುವುದೋ ಎಂಬ ಮಗುವಿನ ಭಯ. ಯಾವ ಮನೆಯಲ್ಲಿ ತಪ್ಪಿಗೆ ಹೊಡೆತ, ಬೈಗುಳ, ಫೋನು ಕಸಿದುಕೊಳ್ಳುವುದು ಮಾತ್ರ ಉತ್ತರವೋ ಆ ಮನೆಯಲ್ಲಿ ಆ ಆಯುಧಕ್ಕೆ ಹರಿತ ಹೆಚ್ಚು. ಬೆದರಿಕೆಗೆ ಸಿಕ್ಕ ಮಗು ಒಂಟಿಯಾಗಿ ಕೈಕೊಳ್ಳುವ ನಿರ್ಧಾರ ಎಷ್ಟು ಘೋರವಾಗಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. "ಏನೇ ಆಗಿರಲಿ, ಮೊದಲು ನಮಗೆ ಹೇಳು, ನಿನ್ನನ್ನು ಬಿಟ್ಟುಕೊಡುವುದಿಲ್ಲ" ಎಂಬ ಮಾತನ್ನು ಮಗು ಆಪತ್ತು ಬರುವ ಮೊದಲೇ, ಹಲವು ಬಾರಿ ಕೇಳಿರಬೇಕು. ಯಾವ ಶೋಧಕಕ್ಕಿಂತಲೂ ಗಟ್ಟಿಯಾದ ಗೋಡೆ ಅದು.

ಅಂಥ ಆಪತ್ತು ಬಂದಾಗ ಹಣ ಕೊಡಬಾರದು, ಸಂದೇಶಗಳನ್ನು ಅಳಿಸಬಾರದು, ಅವು ಸಾಕ್ಷ್ಯ. ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಗೆ ಸಂಬಂಧಿಸಿದ ಸಹಾಯವಾಣಿ 1930. ಮಕ್ಕಳ ಅಶ್ಲೀಲ ಚಿತ್ರಗಳನ್ನು ಹರಡುವುದು ಮಾತ್ರವಲ್ಲ, ಹುಡುಕುವುದು, ಇಳಿಸಿಕೊಳ್ಳುವುದು ಕೂಡ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ವಿಧಿಯನ್ವಯ ಅಪರಾಧ. ಪೊಲೀಸರಲ್ಲಿಗೆ ಹೋಗುವುದು ಮನೆಯ ಮಾನಕ್ಕೆ ಕುಂದು ಎಂದು ಹಿಂಜರಿಯಬೇಡಿ. ಮಾನ ಹೋಗುವುದು ಮಗುವನ್ನು ಕೈಬಿಟ್ಟ ಮನೆಯದು.

ಗುಡಿಸಿದ ಮನೆ ಬರಿದಾಗಿರಬಾರದು

ದುರಾತ್ಮವೊಂದು ಬಿಟ್ಟುಹೋದ ಮನೆಯ ಸಾಮತಿಯನ್ನು ಯೇಸುಸ್ವಾಮಿ ಹೇಳಿದ್ದಾರೆ. ಮನೆ ಗುಡಿಸಿ ಓರಣವಾಗಿತ್ತು, ಆದರೆ ಬರಿದಾಗಿತ್ತು. ಹೋದ ದುರಾತ್ಮ ತನಗಿಂತ ಕೆಟ್ಟ ಏಳನ್ನು ಕರೆತಂದು ಅಲ್ಲಿ ನೆಲೆಸಿತು. ಕೆಟ್ಟ ತಾಣಗಳನ್ನು ತಡೆದ ಕಂಪ್ಯೂಟರ್ ಗುಡಿಸಿದ ಮನೆಯಿದ್ದಂತೆ. ಅಲ್ಲಿ ಏನನ್ನು ತುಂಬುತ್ತೇವೆ? ಸಂಜೆ ಮಗುವಿನ ಜೊತೆ ಆಡಲು, ಮಾತಾಡಲು ಯಾರೂ ಇಲ್ಲದಿದ್ದರೆ ಅದು ಮತ್ತೆ ಪರದೆಯತ್ತಲೇ ತಿರುಗುತ್ತದೆ. ಒಂದು ಬಾಗಿಲು ಮುಚ್ಚಿದ್ದರೆ ಇನ್ನೊಂದನ್ನು ತಟ್ಟುತ್ತದೆ.

1991ರಲ್ಲಿ ಹುಟ್ಟಿ 2006ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ ತೀರಿಕೊಂಡ ಇಟಲಿಯ ಬಾಲಕ ಕಾರ್ಲೋ ಅಕುತಿಸ್‌ನನ್ನು ಜಗದ್ಗುರು ಹದಿನಾಲ್ಕನೆಯ ಲಿಯೋರವರು 2025ರ ಸೆಪ್ಟೆಂಬರ್ 7ರಂದು ಸಂತನೆಂದು ಘೋಷಿಸಿದರು. ಅವನು ಕಂಪ್ಯೂಟರಿನಿಂದ ಓಡಿಹೋದವನಲ್ಲ. ಪರಮಪ್ರಸಾದದ ಅದ್ಭುತಗಳನ್ನು ಜಗತ್ತಿಗೆ ತಿಳಿಸುವ ತಾಣವನ್ನು ಆ ಕಂಪ್ಯೂಟರಿನಲ್ಲೇ ಕಟ್ಟಿದ. ಅವನ ಮನಸ್ಸು ಬರಿದಾಗಿರಲಿಲ್ಲ. ದಿನನಿತ್ಯದ ಬಲಿಪೂಜೆಯಿಂದ ತುಂಬಿತ್ತು. ಪೇತ್ರರಿಗೆ ಮಾಳಿಗೆ ಏನಾಗಿತ್ತೋ ಅವನಿಗೆ ಕಂಪ್ಯೂಟರ್ ಅದಾಗಿತ್ತು.

ಪ್ರಿಯ ತಂದೆತಾಯಿಗಳೇ, ಈ ವಾರವೇ ನಿಮ್ಮ ಮಾಳಿಗೆಗೆ ಗೋಡೆ ಕಟ್ಟಿ. ಗುಟ್ಟಾಗಿ ಬೇಡ, ಮಕ್ಕಳ ಜೊತೆ ಕೂತು ಕಟ್ಟಿ; ಅದರೊಳಗೆ ನೀವೂ ಇರಿ. ವರ್ಷಕ್ಕೊಮ್ಮೆ, ಮಗುವಿನ ಹುಟ್ಟುಹಬ್ಬದ ದಿನವೇ ಆಗಲಿ, ಅದನ್ನು ಎಷ್ಟು ತಗ್ಗಿಸಬಹುದೆಂದು ಕೂಡಿ ಯೋಚಿಸಿ. ಕೇಡಿನಿಂದ ರಕ್ಷಿಸಬೇಕೆಂದು ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ನಾವು ದಿನವೂ ಬೇಡುತ್ತೇವೆ. 'ನನ್ನನ್ನು' ಎಂದಲ್ಲ, 'ನಮ್ಮನ್ನು' ಎಂದೇ ಬೇಡುತ್ತೇವೆ. ಇಂದು ರಾತ್ರಿ ಆ ಬೇಡಿಕೆಯ ಹೊತ್ತಿಗೆ ತಂದೆ, ತಾಯಿ, ಮಕ್ಕಳು ಒಂದೇ ಧ್ವನಿಯಲ್ಲಿರಲಿ.